ಕೋಡಿ ನೀರಿಗೊಂದು ಕಪ್ಪು ಗಾಜು

ಗುಬ್ಬಿ ತಾಲ್ಲೂಕಿನ ಕಡಬ ಕೆರೆ ಕೋಡಿ ಬಿದ್ದಾಗ ನೀರು ಜಾರುವ ಚೆಂದವನ್ನು ಕಣ್ಣು ಹಿಡಿಯುತ್ತದೆ, ಕ್ಯಾಮೆರಾ ಹಿಡಿಯುವುದಿಲ್ಲ. ಹಗಲ ಬೆಳಕಿನಲ್ಲಿ ಶಟರ್ ಕ್ಷಣಾರ್ಧದಲ್ಲಿ ಮುಚ್ಚಿಕೊಂಡು ನೀರನ್ನು ಚೂರು ಚೂರಾಗಿ ನಿಲ್ಲಿಸಿಬಿಡುತ್ತದೆ. ಹೆಚ್ಚು ಹೊತ್ತು ತೆರೆದಿಟ್ಟರೋ, ಚಿತ್ರವೆಲ್ಲ ಬೆಳ್ಳಗೆ. ಇದಕ್ಕೆ ಪರಿಹಾರ, ಬಣ್ಣ ಕೆಡಿಸದೆ ಬೆಳಕನ್ನಷ್ಟೇ ತಗ್ಗಿಸುವ ಕಪ್ಪು ಗಾಜು, ಎನ್‌ಡಿ ಫಿಲ್ಟರ್.

ಹಂತ 1: ಲೆನ್ಸಿನ ವ್ಯಾಸ ನೋಡಿ ಫಿಲ್ಟರ್ ಕೊಳ್ಳಿ. 67, 77 ಮಿ.ಮೀ. ಎಂದು ಲೆನ್ಸಿನ ಮೇಲೆ ಅಥವಾ ಮುಚ್ಚಳದ ಒಳಗೆ ಬರೆದಿರುತ್ತದೆ. ಮೊದಲಿಗೆ ಎನ್‌ಡಿ 64 ಸಾಕು. ಅದು 64ರಲ್ಲಿ ಒಂದು ಪಾಲು ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ, ಅಂದರೆ ಆರು ಸ್ಟಾಪ್ ಕಡಿಮೆ.

ಹಂತ 2: ಟ್ರೈಪಾಡನ್ನು ಒಣ ನೆಲದಲ್ಲಿ ಊರಿ. ಇದನ್ನು ಒತ್ತಿ ಹೇಳುತ್ತೇನೆ. ಉದಾಹರಣೆಗೆ, ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯಕ್ಕೆ ಸ್ವಯಂಚಾಲಿತ ಸೈಫನ್‌ಗಳಿವೆ. ಮಟ್ಟ ಮುಟ್ಟಿದೊಡನೆ ಯಾರೂ ಗೇಟು ಎತ್ತದೆಯೇ ನೀರು ನುಗ್ಗಿ ಬರುತ್ತದೆ. ಎಂಥ ಒಳ್ಳೆಯ ಕೋನ ಸಿಕ್ಕರೂ ಕೆಳಗಿನ ಹರಿವಿಗೆ ಇಳಿಯಬೇಡಿ.

ಹಂತ 3: ಫಿಲ್ಟರ್ ಹಾಕುವ ಮೊದಲೇ ಚೌಕಟ್ಟು ಕೂರಿಸಿ, ಫೋಕಸ್ ಮಾಡಿ, ಆಮೇಲೆ ಲೆನ್ಸನ್ನು ಮ್ಯಾನುಯಲ್ ಫೋಕಸ್‌ಗೆ ತಿರುಗಿಸಿ. ಕಪ್ಪು ಗಾಜು ಬಿದ್ದ ಮೇಲೆ ಫೋಕಸ್ ತಡಕಾಡುತ್ತದೆ. ಐಎಸ್ಒ 100, ಅಪರ್ಚರ್ ಎಫ್/11 ಇಟ್ಟು ಮೀಟರ್ ನೋಡಿ. ಮೋಡದ ದಿನ ಸುಮಾರು 1/60 ಸೆಕೆಂಡ್ ತೋರಿಸೀತು.

ಹಂತ 4: ಲೆನ್ಸ್ ಅಲುಗದಂತೆ ಫಿಲ್ಟರ್ ತಿರುಗಿಸಿ ಕೂರಿಸಿ. ಶಟರ್ ವೇಗವನ್ನು 64ರಿಂದ ಗುಣಿಸಿ. 1/60 ಇದ್ದದ್ದು ಸುಮಾರು 1 ಸೆಕೆಂಡ್ ಆಗುತ್ತದೆ. ಮ್ಯಾನುಯಲ್ ಮೋಡ್‌ನಲ್ಲಿ ಅದನ್ನೇ ಇಡಿ.

ಹಂತ 5: ಲೆನ್ಸಿನ ಸ್ಟೆಬಿಲೈಸೇಶನ್ ಆಫ್ ಮಾಡಿ. ಡಿಎಸ್ಎಲ್ಆರ್ ಆದರೆ ವ್ಯೂಫೈಂಡರ್ ಮುಚ್ಚಿ, ಇಲ್ಲದಿದ್ದರೆ ಹಿಂದಿನಿಂದ ಬೆಳಕು ನುಸುಳಬಹುದು. ಎರಡು ಸೆಕೆಂಡ್ ಟೈಮರ್‌ನಲ್ಲಿ ಕ್ಲಿಕ್ಕಿಸಿ.

ಹಂತ 6: ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಕೋಡಿಗೆ ಅರ್ಧದಿಂದ ಒಂದು ಸೆಕೆಂಡೇ ನನಗೆ ಇಷ್ಟ, ನೀರಿನ ಎಳೆಗಳು ಉಳಿಯುತ್ತವೆ. ಅದಕ್ಕಿಂತ ಹೆಚ್ಚಾದರೆ ಹಾಲು ಚೆಲ್ಲಿದ ಹಾಗೆ, ಇದು ಕಡಬ ಕೆರೆ ಎಂದು ಗುರುತೇ ಸಿಗುವುದಿಲ್ಲ.

ನಿಂತ ನೀರಿನ ಲೆಕ್ಕ ಬೇರೆ. ತುಮಕೂರಿನ ಅಮಾನಿಕೆರೆಯಲ್ಲಿ ಸಂಜೆ ಎನ್‌ಡಿ 1000 ಹಾಕಿದರೆ ಅದೇ 1/60 ಹದಿನಾರು ಸೆಕೆಂಡ್ ದಾಟುತ್ತದೆ. ಕಿರುಅಲೆಗಳೆಲ್ಲ ಅಳಿಸಿ ಕೆರೆ ನುಣ್ಣಗಾಗುತ್ತದೆ. ಹೊತ್ತು ಇಳಿದಂತೆ ಬೆಳಕು ಬೇಗ ಬೇಗ ಕುಗ್ಗುವುದರಿಂದ, ಪ್ರತಿ ನಾಲ್ಕೈದು ಚಿತ್ರಕ್ಕೊಮ್ಮೆ ಫಿಲ್ಟರ್ ಬಿಚ್ಚಿ ಮೀಟರನ್ನು ಮತ್ತೆ ನೋಡಿಕೊಳ್ಳಿ.