ಅಠಾರಾ ಕಚೇರಿ

ರಾಜರಾಜೇಶ್ವರಿನಗರದಲ್ಲಿ ಮೆಟ್ರೋ ರೈಲನ್ನೇರಿ ವಿಧಾನಸೌಧದ ನಿಲ್ದಾಣದಲ್ಲಿ ಇಳಿದವರಿಗೆ, ಆ ಸೌಧದ ಎದುರಿನಲ್ಲಿಯೇ ಕೆಂಪು ಬಣ್ಣದ ಉದ್ದನೆಯ ಕಟ್ಟಡವೊಂದು ಕಾಣುವುದು. ಈಗ ಅದು ಕರ್ನಾಟಕದ ಉಚ್ಚ ನ್ಯಾಯಾಲಯವಾಗಿರುತ್ತದೆ. ಹಳೆಯ ಬೆಂಗಳೂರಿಗರು ಮಾತ್ರ ಅದನ್ನು ಅಠಾರಾ ಕಚೇರಿಯೆಂದೇ ಕರೆಯುವರು. ಹಿಂದೂಸ್ಥಾನಿಯಲ್ಲಿ ಅಠಾರಾ ಎಂದರೆ ಹದಿನೆಂಟು. ಮೈಸೂರು ಸೀಮೆಯ ಹದಿನೆಂಟು ಇಲಾಖೆಗಳು ಅಲ್ಲಿ ಒಂದೇ ಸೂರಿನ ಕೆಳಗೆ ಸೇರಿದುದರಿಂದ ಈ ಹೆಸರು ಬಂದಿತು.

ಅದಕ್ಕೆ ಮೊದಲು ಸರಕಾರದ ಕಚೇರಿಯು ಕೋಟೆಯ ಟಿಪ್ಪುವಿನ ಅರಮನೆಯಲ್ಲಿದ್ದಿತು. ಹೈದರಾಲಿಯು 1781ರಲ್ಲಿ ಆರಂಭಿಸಿ ಟಿಪ್ಪುವು 1791ರಲ್ಲಿ ಮುಗಿಸಿದ ಆ ಮನೆಯ ಸೊಬಗೆಲ್ಲವೂ ಮರದ ಕೆಲಸದಲ್ಲಿದೆ. ಕಲ್ಲಿನ ಪೀಠಗಳ ಮೇಲೆ ನಿಂತ ಮರದ ಕಂಬಗಳು, ಅವುಗಳ ನಡುವೆ ಎಸಳೆಸಳಾಗಿ ಕೊರೆದ ಕಮಾನುಗಳು, ದರ್ಬಾರು ನಡೆಸಲು ಮೇಲಂತಸ್ತಿನ ಮೊಗಸಾಲೆಗಳು. ಈ ಕೆಲಸವು ಸಾಗುತ್ತಿದ್ದ ಕಾಲದಲ್ಲಿಯೇ, 1786ರಲ್ಲಿ, ಟಿಪ್ಪುವು ಕಾನ್‌ಸ್ಟಾಂಟಿನೋಪಲಿನ ತುರ್ಕಿ ಸುಲ್ತಾನನ ಬಳಿಗೆ ರಾಯಭಾರವನ್ನು ಕಳುಹಿಸಿದ್ದನು. 1831ರಲ್ಲಿ ಆಂಗ್ಲರು ಮೈಸೂರಿನ ಆಡಳಿತವನ್ನು ವಹಿಸಿಕೊಂಡ ಬಳಿಕ ದರ್ಬಾರಿನ ಸ್ಥಳದಲ್ಲಿ ಗುಮಾಸ್ತರು ಕುಳಿತರು. ಅರಸನು ಪ್ರಜೆಗಳಿಗೆ ದರ್ಶನವೀಯಲು ಕಟ್ಟಿಸಿದ ತೆರೆದ ಮೊಗಸಾಲೆಯು ಕಡತಗಳಿಗೆ ಒಗ್ಗುವುದೆಂತು?

ಬೌರಿಂಗ್ ಸಾಹೇಬರು ಕಮಿಷನರಾಗಿದ್ದಾಗ, 1864ರಲ್ಲಿ, ಹೊಸ ಕಟ್ಟಡವು ಆರಂಭವಾಯಿತು. ತುರ್ಕಿಯ ಸಾಮ್ರಾಜ್ಯವು ತನ್ನ ಪ್ರಾಂತಗಳ ಆಡಳಿತವನ್ನು ಹೊಸ ಕಾನೂನಿನಿಂದ ತಿದ್ದಿದ್ದೂ ಅದೇ ವರ್ಷ. ಮುಂದೆ ಅಲ್ಲಿಯೂ ಪ್ರಾಂತದ ಪಟ್ಟಣಗಳಲ್ಲಿ ಸರಕಾರಿ ಭವನಗಳು ಎದ್ದುವು. ಅರಸನ ಮನೆ ಬೇರೆ, ಆಡಳಿತದ ಮನೆ ಬೇರೆ ಎಂಬ ಭಾವನೆ ಆ ಕಾಲಕ್ಕೆ ಸಹಜವಾಗಿದ್ದಿತೆಂದು ನಮಗೆ ತೋರುತ್ತದೆ.

ಇಂಜಿನಿಯರ್ ಸ್ಯಾಂಕಿಯವರ ಮೇಲ್ವಿಚಾರಣೆಯಲ್ಲಿ, ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರ ಗುತ್ತಿಗೆಯಲ್ಲಿ, ಕಲ್ಲು ಇಟ್ಟಿಗೆಗಳ ಎರಡಂತಸ್ತಿನ ಈ ಕಟ್ಟಡವು 1868ರಲ್ಲಿ ಮುಗಿಯಿತು. ಈ ಮೊದಲಿಯಾರರೇ 1873ರಲ್ಲಿ ಬೆಂಗಳೂರಿನಲ್ಲಿ ಶಾಲೆಯನ್ನು ಸ್ಥಾಪಿಸಿದವರು. ಕಟ್ಟಡದ ನಡುವೆಯೂ ಎರಡು ತುದಿಗಳಲ್ಲಿಯೂ ಕಂಬಗಳ ಮುಖಮಂಟಪಗಳಿವೆ. ಕಂಬದ ತಲೆಯನ್ನು ನೋಡಿರಿ: ಟಗರಿನ ಕೊಂಬಿನಂತೆ ಇಕ್ಕಡೆಗೂ ಸುರುಳಿ ಸುತ್ತಿರುತ್ತದೆ. ಇದು ಪ್ರಾಚೀನ ಗ್ರೀಕರ ಅಯೋನಿಕ ಕ್ರಮ.

1956ರಲ್ಲಿ ವಿಧಾನಸೌಧವು ಸಿದ್ಧವಾಗಲು ಸಚಿವಾಲಯವು ರಸ್ತೆ ದಾಟಿ ಅಲ್ಲಿಗೆ ಹೋಯಿತು. 1982ರಲ್ಲಿ ಹಳೆಯ ಕಟ್ಟಡವನ್ನೇ ಕೆಡಹುವ ಪ್ರಸ್ತಾಪ ಬಂದಿತು. ನಾಗರಿಕರು ವಿರೋಧಿಸಿ ನ್ಯಾಯಾಲಯಕ್ಕೆ ಹೋದರು. ಯಾವ ಗೋಡೆಗಳನ್ನು ಕೆಡಹಬೇಕೆಂದಿದ್ದರೋ ಆ ಗೋಡೆಗಳ ಒಳಗೇ ಮೊಕದ್ದಮೆಯ ವಿಚಾರಣೆ ನಡೆಯಿತೆಂಬುದು ವಿಚಿತ್ರವಲ್ಲವೇ! ಕಟ್ಟಡವು ಉಳಿಯಿತು.

ಮಕ್ಕಳನ್ನು ಕರೆದೊಯ್ಯುವ ತಾಯಿತಂದೆಗಳು ಮರಳುವಾಗ ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸಿ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದರೆ, ಟಿಪ್ಪುವಿನ ಅರಮನೆಯನ್ನೂ ಅದೇ ದಿವಸ ತೋರಿಸಬಹುದು.