ಒತ್ತಿದ ಕಬ್ಬಿಣದಲ್ಲಿ ಶಬ್ದದ ಓಟ

ನಮ್ಮೂರು ಕುದೇರು. ಹೊಲಕ್ಕೆ ನೀರು ಹಾಯಿಸುವ ಕಬ್ಬಿಣದ ಪೈಪು 100 ಮೀಟರ್ ಉದ್ದವಿದೆ ಎಂದುಕೊಳ್ಳಿ. ಒಂದು ತುದಿಗೆ ಕಲ್ಲಿನಿಂದ ಬಡಿದರೆ, ಇನ್ನೊಂದು ತುದಿಗೆ ಕಿವಿಯಿಟ್ಟವರಿಗೆ ಎರಡು ಸಲ ಸದ್ದು ಕೇಳುತ್ತದೆ. ಕಬ್ಬಿಣದೊಳಗಿನ ಸದ್ದು ಸುಮಾರು 0.02 ಸೆಕೆಂಡಿನಲ್ಲಿ, ಗಾಳಿಯ ಸದ್ದು ಸುಮಾರು 0.3 ಸೆಕೆಂಡಿನಲ್ಲಿ ತಲುಪುತ್ತದೆ.

“ಆ ಕಬ್ಬಿಣವನ್ನು ಬಲವಾಗಿ ಅದುಮಿದರೆ ಶಬ್ದದ ವೇಗ ಏನಾಗುತ್ತದೆ?” ಎಂದು ತರಗತಿಯಲ್ಲಿ ಸರ್ ಕೇಳಿದರು. “ಕಡಿಮೆಯಾಗುತ್ತದೆ ಸರ್” ಎಂದು ನಾನು ಥಟ್ಟನೆ ಹೇಳಿದೆ. ಸೂತ್ರದಲ್ಲಿ ಸಾಂದ್ರತೆ ಛೇದದಲ್ಲಿದೆಯಲ್ಲ! ಉತ್ತರ ತಪ್ಪಾಗಿತ್ತು. ಒತ್ತಡ ಏರಿದಾಗ ಸಾಂದ್ರತೆ ಹೆಚ್ಚುವುದಕ್ಕಿಂತ ಸ್ಥಿತಿಸ್ಥಾಪಕ ಗುಣಾಂಕ ಬಹಳ ಹೆಚ್ಚುತ್ತದೆ. ಹಾಗಾಗಿ ವೇಗವೂ ಏರುತ್ತದೆ.

ಅಷ್ಟು ಒತ್ತಡ ತರುವುದು ಹೇಗೆ? ಆಘಾತ ತರಂಗದಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಪಿ.ಜೆ. ರೆಡ್ಡಿಯವರು ರೂಪಿಸಿದ ‘ರೆಡ್ಡಿ ಟ್ಯೂಬ್’ನಲ್ಲಿ ಕೈಯಿಂದಲೇ ಪಿಸ್ಟನ್ ತಳ್ಳಿ ಅನಿಲದಲ್ಲಿ ಇಂಥ ತರಂಗ ಎಬ್ಬಿಸಬಹುದು. ಲೋಹಕ್ಕೆ ಕೈಬಲ ಸಾಲದು, ಅನಿಲ ಫಿರಂಗಿ ಬೇಕು. ಅದು ತೆಳುವಾದ ಲೋಹದ ತಟ್ಟೆಯನ್ನು ಮಾದರಿಗೆ ಅಪ್ಪಳಿಸುತ್ತದೆ. ಆಘಾತ ತರಂಗ ಮಾದರಿಯೊಳಗೆ ಮುಂದೆ ಓಡುತ್ತದೆ. ತಟ್ಟೆಯ ಹಿಂಬದಿಯಿಂದ ಒತ್ತಡ ಸಡಿಲಿಸುವ ಅಲೆಯೊಂದು ಅದನ್ನು ಬೆನ್ನಟ್ಟುತ್ತದೆ. ಈ ಅಲೆ ಓಡುವುದು ಅದುಮಿದ ಲೋಹದ ಶಬ್ದವೇಗದಲ್ಲಿ. ಎಷ್ಟು ದಪ್ಪದಲ್ಲಿ ಅದು ಆಘಾತವನ್ನು ಹಿಡಿಯುತ್ತದೆ ಎಂದು ತಿಳಿದರೆ ವೇಗ ಲೆಕ್ಕಕ್ಕೆ ಸಿಗುತ್ತದೆ. ಅದಕ್ಕಾಗಿ ಬೇರೆ ಬೇರೆ ದಪ್ಪದ ಮೆಟ್ಟಿಲುಗಳಿರುವ ಮಾದರಿಯ ಹಿಂದೆ ಬ್ರೋಮೋಫಾರ್ಮ್ ದ್ರವ ಇಡುತ್ತಾರೆ. ಆಘಾತ ತಲುಪಿದಾಗ ದ್ರವ ಬೆಳಗುತ್ತದೆ, ಬೆನ್ನಟ್ಟಿದ ಅಲೆ ಬಂದೊಡನೆ ಬೆಳಕು ಕುಂದುತ್ತದೆ.

ಅಮೆರಿಕದ ಬ್ರೌನ್ ಮತ್ತು ಮೆಕ್ವೀನ್ 1986ರಲ್ಲಿ ಕಬ್ಬಿಣದ ಫಲಿತಾಂಶ ಪ್ರಕಟಿಸಿದರು. ಏರುತ್ತಿದ್ದ ವೇಗ 243 ಗಿಗಾಪಾಸ್ಕಲ್ ಬಳಿ, ಅಂದರೆ ಸುಮಾರು 24 ಲಕ್ಷ ವಾಯುಭಾರದಲ್ಲಿ, ತಟ್ಟನೆ ಕುಸಿಯಿತು. ಕಬ್ಬಿಣ ಕರಗಿತ್ತು! ದ್ರವಕ್ಕೆ ಆಕಾರ ಬದಲಾವಣೆಯನ್ನು ತಡೆಯುವ ಬಿಗಿತವಿಲ್ಲ. ಆದ್ದರಿಂದ ಅದರಲ್ಲಿ ಶಬ್ದ ನಿಧಾನ.

ಭೂಮಿಯ ಘನ ಒಳಗರ್ಭದ ಅಂಚಿನಲ್ಲಿ ಒತ್ತಡ ಸುಮಾರು 330 ಗಿಗಾಪಾಸ್ಕಲ್. ಅಲ್ಲಿಗೆ ಯಾರೂ ಹೋಗಲಾರರು. ಅಲ್ಲಿನ ಬಿಸಿಯನ್ನು ಅಂದಾಜು ಮಾಡಲು ಇಂಥ ಅಳತೆಗಳೇ ಆಧಾರ.

ಪ್ರಥಮ ಪಿಯು ಗೆಳೆಯರೇ, ಸೂತ್ರದ ಛೇದವನ್ನಷ್ಟೇ ನೋಡಿ ನನ್ನಂತೆ ಉತ್ತರ ಹೇಳಬೇಡಿ. ಅಂಶವೂ ಬದಲಾಗುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ.