ಮಗನ ಕೈಗೆ ಮೊದಲು ಬಕೆಟ್ ಕೊಡಿ

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕು. ಕಾಫಿ ರೇಟು ಬಿದ್ದಿದ್ದ ಕಾಲದಲ್ಲಿ ಮನೆಯ ಮೂರು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದೆವು. ಕಡುಬು, ಕೋಳಿಸಾರು ನಾನೇ ಮಾಡಿ ಬಡಿಸುತ್ತೇನೆ. ಬಂದವರು ಮತ್ತೆ ಬರುತ್ತಾರೆ. ಈಗ ಬೆಂಗಳೂರಿನ ಕೆಲಸ ಬಿಟ್ಟು ಬಂದ ಮಗ, ಹಳ್ಳದ ದಡದ ಗುಡ್ಡ ತಗ್ಗಿಸಿ ಎಂಟು ಕಾಟೇಜು, ಒಂದು ಈಜುಕೊಳ ಮಾಡೋಣ ಎನ್ನುತ್ತಿದ್ದಾನೆ. ಹೋದ ಏಪ್ರಿಲ್‌ನಲ್ಲಿ ಕೆಳಗಿನ ಮನೆಯವರ ಪೈಪಿಗೆ ನೀರು ಬರಲಿಲ್ಲ. ಅಂದಿನಿಂದ ಅವರು ನಮ್ಮೊಂದಿಗೆ ಮಾತು ಬಿಟ್ಟಿದ್ದಾರೆ. ‘ಬೇಡ ಕಣೋ’ ಅಂದರೆ ಮಗ, ‘ಹಾಗಾದ್ರೆ ನಾನು ವಾಪಸ್ ಹೋಗ್ಲಾ?’ ಅಂತಾನೆ. ಊರು ಬೇಕು, ಮಗನೂ ಬೇಕು. ಏನು ಮಾಡಲಿ?

ಉತ್ತರ: ಪ್ರೀತಿಯ ತಂಗಿ,

ನಿಮ್ಮ ಪತ್ರದಲ್ಲಿ ಎರಡು ಸಂಕಟಗಳಿವೆ. ಮಗ ಹೊರಟುಹೋದಾನು ಎಂಬ ಭಯ ಒಂದು. ಕೆಳಗಿನ ಮನೆಯವರು ಮುಖ ತಿರುಗಿಸಿಕೊಂಡು ಹೋಗುವ ನೋವು ಇನ್ನೊಂದು. ಎರಡಕ್ಕೂ ನಡುವೆ ಇರುವುದು ಆ ಹಳ್ಳ. ಹಾಗಾಗಿ ಮಾತನ್ನು ಅಲ್ಲಿಂದಲೇ ಶುರುಮಾಡುತ್ತೇನೆ.

ಮಗನಿಗೆ ‘ಬೇಡ’ ಅನ್ನಬೇಡಿ. ಒಂದು ಬಕೆಟ್ ಕೊಟ್ಟು, ಮೊಬೈಲಿನಲ್ಲಿ ಗಡಿಯಾರ ನೋಡಿಕೊಳ್ಳಲು ಹೇಳಿ, ಮಾರ್ಚ್ ಕೊನೆಯ ವಾರ ಹಳ್ಳದ ಬಾಯಿಗೆ ಕಳಿಸಿ. ಮಳೆಗಾಲದ ಹಳ್ಳ ನೋಡಿ ಯಾರೂ ಕೋಣೆ ಕಟ್ಟಬಾರದು. ಬೇಸಿಗೆಯಲ್ಲಿ ಉಳಿಯುವ ಹನಿಯ ಲೆಕ್ಕದ ಮೇಲೆ ಕಟ್ಟಬೇಕು. ಉದಾಹರಣೆಗೆ, 15 ಲೀಟರಿನ ಬಕೆಟ್ ತುಂಬಲು ಒಂದೂವರೆ ನಿಮಿಷ ಹಿಡಿಯಿತು ಅಂದುಕೊಳ್ಳಿ. ಅಂದರೆ ನಿಮಿಷಕ್ಕೆ 10 ಲೀಟರ್, ಇಡೀ ದಿನಕ್ಕೆ 14,400 ಲೀಟರ್. ಕೇಳುವಾಗ ದೊಡ್ಡದೇ ಅನಿಸುತ್ತದೆ.

ಈಗ ಮಗನ ಈಜುಕೊಳ ನೋಡೋಣ. ಮೂವತ್ತು ಅಡಿ ಉದ್ದ, ಹದಿನೈದು ಅಡಿ ಅಗಲ, ನಾಲ್ಕು ಅಡಿ ಆಳದ ಸಣ್ಣ ಕೊಳವೇ ಆದರೂ ತುಂಬಲು 50 ಸಾವಿರ ಲೀಟರಿಗೂ ಹೆಚ್ಚು ಬೇಕು. ಆ ಹಳ್ಳದ ಒಂದು ಹನಿಯನ್ನೂ ಯಾರೂ ಮುಟ್ಟದೆ ಮೂರೂವರೆ ದಿನ ಬಿಟ್ಟುಕೊಟ್ಟರೆ ಒಂದು ಸಲ ತುಂಬುತ್ತದೆ. ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಜಲ ಜೀವನ್ ಮಿಷನ್ ಲೆಕ್ಕ ಹಿಡಿದಿದೆ. ನಗರದವರಿಗೆ ಇರುವ ಮಾನದಂಡ 135. ರಜೆಗೆ ಬಂದವರು ಎರಡು ಹೊತ್ತು ಸ್ನಾನ ಮಾಡುತ್ತಾರೆ, ಅವರ ಹಾಸಿಗೆ ಬಟ್ಟೆ, ಟವೆಲು ನೀವು ದಿನವೂ ಒಗೆಯಬೇಕು. ತಲೆಗೆ 200 ಲೀಟರ್ ಹಿಡಿದರೂ ಎಂಟು ಕಾಟೇಜಿನ ಇಪ್ಪತ್ನಾಲ್ಕು ಜನಕ್ಕೆ 4,800 ಲೀಟರ್. ಅದೇ ಹಳ್ಳದಿಂದ ಕೆಳಗಿನ ಮನೆಗಳು ಕುಡಿಯಬೇಕು, ದನಕರು ಕುಡಿಯಬೇಕು. ಹಳ್ಳದ ಮೀನು, ಏಡಿಗೂ ಒಂದು ಪಾಲು ಉಳಿಯಬೇಕು.

ನಿಮಗೆ ಗೊತ್ತಿರುವ ಇನ್ನೊಂದು ವಿಷಯ ಮಗನಿಗೆ ಹೊಳೆದಿರಲಿಕ್ಕಿಲ್ಲ. ಹೂಮಳೆ ಕೈಕೊಟ್ಟ ವರ್ಷ ತೋಟದವರೆಲ್ಲ ಸ್ಪ್ರಿಂಕ್ಲರಿಗೆ ನೀರೆತ್ತುವುದು ಮಾರ್ಚ್, ಏಪ್ರಿಲ್‌ನಲ್ಲೇ. ಶಾಲೆಗಳಿಗೆ ರಜೆ ಸಿಕ್ಕಿ ಬೆಂಗಳೂರಿನ ಗಾಡಿಗಳು ಘಟ್ಟದ ಕಡೆ ತಿರುಗುವುದೂ ಆಗಲೇ. ಹಳ್ಳ ಸೊರಗಿದ ಹೊತ್ತಿಗೇ ಅದರ ಮೇಲೆ ಎಲ್ಲರ ಕೈ ಬೀಳುತ್ತದೆ. ಕೆಳಗಿನ ಮನೆಯ ಪೈಪು ಒಣಗಿದ್ದು ಹೀಗೆಯೇ ಇರಬೇಕು.

2018ರ ಮೇ ತಿಂಗಳಲ್ಲಿ ಶಿಮ್ಲಾದಲ್ಲಿ ಕುಡಿಯುವ ನೀರಿಗೇ ತತ್ವಾರವಾಗಿ, ‘ದಯವಿಟ್ಟು ಈಗ ಬರಬೇಡಿ’ ಎಂದು ಊರಿನ ಜನರೇ ಪ್ರವಾಸಿಗರನ್ನು ಕೇಳಿಕೊಂಡಿದ್ದರು. ಪ್ರವಾಸವನ್ನೇ ನಂಬಿ ಬದುಕುವ ಊರು ಅಂಥ ಮಾತು ಆಡಬೇಕಾಗಿ ಬಂದದ್ದನ್ನು ಓದಿದಾಗ ನನಗೆ ಸಂಕಟವಾಗಿತ್ತು. ಸುಸ್ಥಿರ ಪ್ರವಾಸೋದ್ಯಮ ಎಂದು ಸರ್ಕಾರದವರು, ವಿಶ್ವಸಂಸ್ಥೆಯವರು ಹೇಳುವುದರಲ್ಲಿ ಮೂರು ಮಾತಿವೆ: ನೆಲ-ಜಲ ಕೆಡಬಾರದು, ದುಡ್ಡು ಊರಿನವರ ಕೈಗೂ ಸೇರಬೇಕು, ಅಲ್ಲಿಯ ಜನರ ಬದುಕಿಗೆ ಧಕ್ಕೆಯಾಗಬಾರದು. ನಿಮ್ಮ ಮೂರು ಕೋಣೆಯ ಮನೆ ಇಷ್ಟು ವರ್ಷ ಈ ಹೆಸರು ಕೇಳದೆಯೂ ಬಹುಮಟ್ಟಿಗೆ ಹಾಗೆಯೇ ನಡೆದುಕೊಂಡು ಬಂದಿದೆ. ಅದಕ್ಕೆ ನೀವು ಹೆಮ್ಮೆ ಪಡಬೇಕು.

ಗುಡ್ಡ ತಗ್ಗಿಸುವ ವಿಚಾರಕ್ಕೆ ಮಾತ್ರ ನನ್ನ ಉತ್ತರ ನೇರವಾಗಿ ‘ಬೇಡ’. 2019ರ ಆಗಸ್ಟ್‌ನಲ್ಲಿ ನಿಮ್ಮ ಸೀಮೆಯ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರಿದು ಮನೆ, ತೋಟ ಕೊಚ್ಚಿಹೋದದ್ದು ಮಗನಿಗೂ ನೆನಪಿರುತ್ತದೆ. ಇಳಿಜಾರನ್ನು ಜೆಸಿಬಿಯಿಂದ ಕಡಿದು ಸಮ ಮಾಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ, ಮಳೆನೀರು ತನ್ನ ದಾರಿ ಬಿಟ್ಟು ಬೇರೆ ಕಡೆ ನುಗ್ಗುತ್ತದೆ. ಹಳ್ಳದ ದಡದಲ್ಲಿ ಕಕ್ಕಸು ಗುಂಡಿಯೂ ಬೇಡ. ನಿಮ್ಮೂರ ಹಳ್ಳಗಳು ಹೇಮಾವತಿ ಸೇರಿ ಎಷ್ಟೋ ಊರುಗಳ ಕೊಡಕ್ಕೆ ಇಳಿಯುತ್ತವೆ.

ಹಾಗಾದರೆ ಮಗನಿಗೆ ಏನು ಕೆಲಸ? ಇರುವ ಮನೆಯಲ್ಲೇ ಇನ್ನೊಂದೆರಡು ಕೋಣೆ ತೆರೆಯಲು ನೀರಿನ ಅಳತೆ ಒಪ್ಪಿದರೆ ತೆರೆಯಿರಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಮ್‌ಸ್ಟೇ ಯೋಜನೆಯೂ ಆರು ಕೋಣೆಯ ಮಿತಿ ಹಾಕಿಕೊಂಡು, ಮನೆಯವರು ಅಲ್ಲೇ ವಾಸವಿರಬೇಕು ಎಂದು ಹೇಳಿದ್ದು ಸುಮ್ಮನೆ ಅಲ್ಲ. ಉಳಿದ ಸಂಪಾದನೆ ಕೋಣೆಯ ಹೊರಗಿದೆ. ಬಂದವರನ್ನು ಕಾಫಿ ಕೊಯ್ಲಿಗೆ ಕರೆದೊಯ್ಯಲಿ, ಹಣ್ಣು ಪಲ್ಪ್ ಮಾಡಿ, ಕಣದಲ್ಲಿ ಹರವಿ, ಒಣಗಿಸಿ, ಹುರಿಯುವವರೆಗೆ ತೋರಿಸಲಿ. ನಿಮ್ಮ ತೋಟದ ಕಾಫಿಪುಡಿ, ಕಾಳುಮೆಣಸನ್ನು ನಿಮ್ಮದೇ ಹೆಸರಿನಲ್ಲಿ ಮಾರಲಿ. ವಾರಾಂತ್ಯಕ್ಕೆ ಬಂದು ಓಡುವ ಇಪ್ಪತ್ತು ಜನಕ್ಕಿಂತ ನಾಲ್ಕು ದಿನ ಉಳಿಯುವ ಆರು ಜನ ನಿಮ್ಮ ಮನೆಗೆ ಒಗ್ಗುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದವನಿಗೆ ಅಂಥವರನ್ನು ಹುಡುಕುವುದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಕೆಳಗಿನ ಮನೆ. ಫೋನ್ ಮಾಡಬೇಡಿ, ಯಾರ ಹತ್ತಿರವೂ ಹೇಳಿ ಕಳಿಸಬೇಡಿ. ಒಂದು ಸಂಜೆ ಯಜಮಾನರ ಜೊತೆ ನೀವೇ ನಡೆದುಕೊಂಡು ಹೋಗಿ. ‘ಹೋದ ವರ್ಷ ನಿಮಗೆ ನೀರು ತಪ್ಪಿತು, ನಾವು ಆಗಲೇ ಬಂದು ಕೇಳಬೇಕಿತ್ತು’ ಎಂದು ಮೊದಲೇ ಹೇಳಿಬಿಡಿ. ಸಮಜಾಯಿಷಿ ಆಮೇಲೆ. ನಿಮ್ಮ ಅತಿಥಿಗಳಿಗೆ ಬೇಕಾದ ಹಾಲು, ಮೊಸರು, ನಾಟಿಕೋಳಿ ಅವರ ಮನೆಯಿಂದ ಬರಬಹುದಾದರೆ ಪೇಟೆಯಿಂದ ಯಾಕೆ ತರಬೇಕು? ಅದನ್ನು ಮಾತ್ರ ಅದೇ ಸಂಜೆ ಎತ್ತಬೇಡಿ, ಕೊಟ್ಟು ಬಾಯಿ ಮುಚ್ಚಿಸಲು ಬಂದರು ಅಂದುಕೊಂಡಾರು. ಮೊದಲು ಮಾತು ಕೂಡಲಿ. ಏಪ್ರಿಲ್, ಮೇನಲ್ಲಿ ಯಾವ ಹೊತ್ತು ಯಾರ ಪೈಪಿಗೆ ನೀರು ಎಂಬುದನ್ನು ಎರಡೂ ಮನೆಯವರು ಕೂತು ಗೊತ್ತುಮಾಡಿಕೊಳ್ಳಿ. ಆ ಎರಡು ತಿಂಗಳು ಒಂದು ಕೋಣೆ ಮುಚ್ಚಬೇಕಾಗಿ ಬಂದರೆ ಮುಚ್ಚಿ.

ಹಳ್ಳದ ನೀರು ಅಳೆಯುವ ದಿನ ಕೆಳಗಿನ ಮನೆಯಿಂದಲೂ ಒಬ್ಬರು ಬರಲಿ ಎಂದು ಕೇಳಿಕೊಳ್ಳಿ. ಬಕೆಟ್ ನಿಮ್ಮ ಮಗ ಹಿಡಿಯಲಿ, ಗಡಿಯಾರ ಅವರು ನೋಡಲಿ.